ರೇಣವ್ವ ಗಲಾಟೆ ಮಾಡಲಿಲ್ಲ

೨೦೦೩ರ ಏಪ್ರಿಲ್‌ನ ಒಂದು ಸೋಮವಾರ. ಬೆಂಗಳೂರಿನ ಜಯನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗದ ಬೆಂಚು ಬೆಳಿಗ್ಗೆ ಹತ್ತಕ್ಕೇ ತುಂಬಿಹೋಗಿತ್ತು. ಸಿಸ್ಟರ್ ಸೀತಾಲಕ್ಷ್ಮಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಗಲಾಟೆ ಮಾಡುವವರನ್ನು ಮೊದಲು ಒಳಗೆ ಕಳಿಸಿಬಿಟ್ಟರೆ ಉಳಿದವರು ತಣ್ಣಗಿರುತ್ತಾರೆ ಎಂಬುದು ಆಕೆ ಕಲಿತ ಉಪಾಯ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಅಲ್ಲಿ ನಡೆಯುತ್ತಿದ್ದದ್ದೂ ಅದೇ. ಇದ್ದವರು ಒಬ್ಬರೇ ಡಾಕ್ಟರು, ಅವರಾದರೂ ಎಷ್ಟು ಜನರನ್ನು ನೋಡಿಯಾರು!

ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಅಟೆಂಡರ್ ಆಗಿದ್ದ ಯಲ್ಲಪ್ಪ ಹೆಂಡತಿ ರೇಣವ್ವನನ್ನು ಕರೆತಂದಿದ್ದ.

"ಅಕ್ಕಾರ, ಈಕಿಗೆ ಮುಂಜಾನೆಯಿಂದ ಎಡಗೈ, ಗದ್ದ ಎಲ್ಲಾ ನೋಯಾಕತ್ತಾವ್ರಿ. ಒಂದ್ಸಲ ನೋಡ್ರಿ."

"ಚೀಟಿ ಮಾಡ್ಸಿದ್ದೀರಲ್ಲ, ಕೂತ್ಕೊಳ್ಳಿ. ಕರೀತೀನಿ," ಎಂದಳು ಸೀತಾಲಕ್ಷ್ಮಿ, ತಲೆ ಎತ್ತದೆ.

ಅವರ ಸರದಿ ಬರುವ ಹೊತ್ತಿಗೆ ಬೈಕಿನಿಂದ ಬಿದ್ದ ಸೀನು ಎಂಬಾತನನ್ನು ನಾಲ್ಕು ಜನ ಗೆಳೆಯರು ಎತ್ತಿಕೊಂಡು ಬಂದರು. ಹುಬ್ಬು ಸೀಳಿ ಷರ್ಟೆಲ್ಲ ಕೆಂಪಾಗಿತ್ತು.

"ಏನ್ ಸಿಸ್ಟರ್, ರಕ್ತ ಹಿಂಗೆ ಸುರೀತಿದೆ, ಕಣ್ ಕಾಣ್ಸಲ್ವಾ ನಿಮ್ಗೆ?" ಎಂದು ಗೆಳೆಯರಲ್ಲೊಬ್ಬ ಕೂಗಾಡಿದ.

"ಈಗ ನಮ್ಮ ಪಾಳಿ ಐತ್ರಿ," ಎಂದು ಯಲ್ಲಪ್ಪ ಎದ್ದ. ರೇಣವ್ವ ಅವನ ಅಂಗಿ ಹಿಡಿದು ಕೂರಿಸಿದಳು.

"ಸುಮ್ನಿರ್ರಿ. ಪಾಪ, ರಕ್ತ ಹೊಂಟೈತಿ ಅವಗ. ನಾ ಕುಂತಿರ್ತೀನಿ," ಎಂದು ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

ಬೇಸಿಗೆಯಲ್ಲವೇ, ಬೆವರು ಯಾರಿಗಿಲ್ಲ! ಸೀತಾಲಕ್ಷ್ಮಿಗೆ ಜೀವ ಬಂದಂತಾಯಿತು. "ಎಷ್ಟು ಒಳ್ಳೆಯೋರಮ್ಮ ನೀವು! ಎಲ್ರೂ ನಿಮ್ಮಂಗೇ ಇದ್ದಿದ್ರೆ ನಮ್ ಕೆಲ್ಸ ಸಲೀಸಾಗ್ತಿತ್ತು," ಎಂದು ಒಳಗೆ ಓಡಿದಳು. ರೇಣವ್ವ ನಕ್ಕಳು.

ಐದು ಹೊಲಿಗೆ, ಮುಕ್ಕಾಲು ಗಂಟೆ. ಸೀತಾಲಕ್ಷ್ಮಿ ಹೊರಗೆ ಬಂದಾಗ ರೇಣವ್ವ ಗಂಡನ ಹೆಗಲಿಗೆ ಒರಗಿದ್ದಳು.

"ನಿದ್ದಿ ಹತ್ತೈತ್ರಿ," ಎಂದ ಯಲ್ಲಪ್ಪ ಮೆಲ್ಲಗೆ.

ಆಗಲೇ ಸೀತಾಲಕ್ಷ್ಮಿ ಅವಳ ಕೈ ಮುಟ್ಟಿದ್ದು. ನಾಡಿ ಸಿಗಲಿಲ್ಲ. ಡಾಕ್ಟರು ಅರ್ಧ ಗಂಟೆ ಎದೆ ಒತ್ತಿದರು, ಬೆವರಿ ನಿಂತರು.

"ಹಾರ್ಟ್ ಅಟ್ಯಾಕ್. ಬಂದ ತಕ್ಷಣ ಇಸಿಜಿ ತೆಗ್ದಿದ್ರೆ ಉಳಿಸ್ಕೋಬಹುದಿತ್ತೇನೋ. ನನಗ್ಯಾಕೆ ಹೇಳ್ಲಿಲ್ಲ ಸಿಸ್ಟರ್?"

"ಅವ್ರು ಸುಮ್ನೆ ಕೂತಿದ್ರು ಸಾರ್."

ಡಾಕ್ಟರು ಕನ್ನಡಕ ತೆಗೆದು, "ನಾನೂ ಒಂದ್ಸಲ ಹೊರಗೆ ಬಂದು ನೋಡ್ಬೇಕಿತ್ತು," ಎಂದರು.

ನಾಲ್ಕನೆಯ ದಿನ ಯಲ್ಲಪ್ಪ ಮರಣದ ಕಾಗದಕ್ಕೆಂದು ಬಂದ. ಸೀತಾಲಕ್ಷ್ಮಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಅವನೋ ಕೈ ಮುಗಿದ.

"ಅಕ್ಕಾರ, ಅಕಿಗೆ ಒಳ್ಳೆಯೋರು ಅಂದ್ರಲ್ರಿ ನೀವು. ಈ ಊರಿಗೆ ಬಂದು ಎರಡು ವರ್ಷ ಆತು, ಯಾರೂ ಅಕಿನ್ನ ಹಂಗ ಮಾತಾಡ್ಸಿರಲಿಲ್ಲ. 'ಈ ಅಕ್ಕಾರು ಬಾಳ ಚಲೋ ಅದಾರ' ಅಂದ್ಲು. ಅದ ಅಕಿ ಕಡೀ ಮಾತು ನೋಡ್ರಿ."

ಸೀತಾಲಕ್ಷ್ಮಿ ಸುಮ್ಮನೆ ತಲೆಯಾಡಿಸಿ ಕಳಿಸಿಬಿಡಬಹುದಿತ್ತು. ಆದರೆ ಆ ಹೊಗಳಿಕೆಯನ್ನು ಹೊತ್ತು ಬಾಳಲು ಆಕೆಗೆ ಸಾಧ್ಯವಿರಲಿಲ್ಲ.

"ಅಯ್ಯೋ, ಹಂಗನ್ಬೇಡಿ ಅಣ್ಣ. ಅವ್ರು ಸುಮ್ನಿದ್ದಿದ್ದು ನನಗೆ ಅನುಕೂಲ ಆಯ್ತು, ಅದಕ್ಕೇ ಹೊಗಳ್ದೆ. ಕೈ ಹಿಡಿದು ನೋಡಿದ್ರೆ ಅರ್ಧ ನಿಮಿಷದ ಕೆಲ್ಸ. ನೋಡ್ಲಿಲ್ಲ. ತಪ್ಪು ನಂದು."

ಯಲ್ಲಪ್ಪ ಮುಗಿದ ಕೈ ಇಳಿಸಿದ. ಆಮೇಲೆ ಕೇಳಿದ: "ಹಂಗಾರ ನಾವು ಒದರಾಡಬೇಕಿತ್ತೇನ್ರಿ?"

ಅವಳು ಮರಣದ ಕಾಗದವನ್ನು ಅವನ ಕೈಗಿತ್ತಳು. ಅವನು ಕಾಗದ ಮಡಿಸಿಕೊಂಡು ಹೊರಟುಹೋದ. ಸೀತಾಲಕ್ಷ್ಮಿ ಕಣ್ಣೊರೆಸಿಕೊಂಡು ಮೇಜು ಬಿಟ್ಟೆದ್ದಳು. ಬೆಂಚಿನ ಮೇಲೆ ಒಂಬತ್ತು ಜನರಿದ್ದರು. ಕೊನೆಯಲ್ಲಿ ಗೋಡೆಗೊರಗಿ ಕೂತಿದ್ದ ಮುದುಕಿಯ ಪಕ್ಕ ಕೂತು ಕೈ ಹಿಡಿದು, "ಎಲ್ಲಿ ನೋವಮ್ಮಾ? ಉಸಿರಾಡಕ್ಕೆ ಕಷ್ಟ ಆಗ್ತಿದ್ಯಾ?" ಎಂದಳು.

"ಸಿಸ್ಟರ್, ಎಷ್ಟೊತ್ತು ಕಾಯೋದು ನಾವು?" ಬಾಗಿಲ ಬಳಿಯಿಂದ ಯಾರೋ ರೇಗಿದರು.

"ನಿಮ್ಮ ಹತ್ರಾನೂ ಬರ್ತೀನಿ, ಇರಿ," ಎಂದ ಸೀತಾಲಕ್ಷ್ಮಿ ಗಡಿಯಾರ ನೋಡುತ್ತಾ ಮುದುಕಿಯ ನಾಡಿ ಎಣಿಸತೊಡಗಿದಳು.