ತಂಗಿಯ ಜಾಗ

ಅಕ್ಕನ ಮೇಲೆ ಹೊದಿಸಬೇಕಿದ್ದ ಬಿಳಿ ಬಟ್ಟೆಗೆ ತಂಗಿ ಮತ್ತೆ ಮತ್ತೆ ಇಸ್ತ್ರಿ ಉಜ್ಜುತ್ತಿದ್ದಳು. ಸುಕ್ಕು ಆಗಲೇ ಹೋಗಿತ್ತು. ನಿನ್ನೆ ಎದೆನೋವೆಂದು ಕೂತ ಅಕ್ಕ ಏಳಲೇ ಇಲ್ಲ. ಹೊರಗಿನ ಕೋಣೆಗೆ ಹೋಗಿ ಅವಳ ಮುಖ ನೋಡುವ ಧೈರ್ಯ ಇವಳಿಗಿರಲಿಲ್ಲ.

"ಸಾಕಮ್ಮ, ಸುಟ್ಟುಹೋದೀತು," ಎಂದರು ಭಾವ. "ಹಾಡಿನ ಮೇಳದವರು ಬಂದಿದ್ದಾರೆ. ನಿನ್ನನ್ನ ಕೇಳ್ತಿದ್ದಾರೆ."

"ಯಾವ ಮುಖ ಇಟ್ಕೊಂಡು ಹಾಡ್ಲಿ ಭಾವ?"

*

ಅಕ್ಕತಂಗಿ ಇಬ್ಬರೂ ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದವರು. ಕೆಲಸ ಮುಗಿದ ಮೇಲೆ ಕ್ಯಾಂಟೀನಿನ ಮೇಜು ಸರಿಸಿ ಎಲ್ಲರೂ ಹಾಡುತ್ತಿದ್ದರು. ಹಗಲೆಲ್ಲ ಹಾವು ಮುಂಗುಸಿಯಂತಿದ್ದವರೂ ಅಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಲೇಬೇಕಿತ್ತು. ರಾಗ ಉಳಿದವರದು, ಅಡಿಯಲ್ಲಿ ಒಂದೇ ತಗ್ಗು ಸ್ವರವನ್ನು ಕಡೆಯತನಕ ಹಿಡಿಯುವುದು ಅಕ್ಕತಂಗಿಯರ ಪಾಲು. ಅಕ್ಕ ತನ್ನ ಉಸಿರು ಮುಗಿಯುವಾಗ ತಂಗಿಯ ಮಣಿಕಟ್ಟು ಒತ್ತುವಳು, ತಂಗಿ ಹಿಡಿಯುವಳು. ತಂಗಿಯದು ಮುಗಿದರೆ ಅವಳು ಒತ್ತುವಳು. ಸ್ವರ ಎಲ್ಲಿ ಕೈ ಬದಲಾಯಿಸಿತೆಂದು ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಎಲ್ಲರೆದುರು ಅಕ್ಕ, "ನೀನು ಶ್ರುತಿ ಬಿಟ್ಟೆ ಕಣೇ," ಎಂದಳು. ಅಷ್ಟೇ. ತಂಗಿಗೆ ಕೋಪ ಮೂಗಿನ ತುದಿಯಲ್ಲೇ. "ಹಾಗಾದ್ರೆ ನೀನೊಬ್ಬಳೇ ಹಾಡ್ಕೋ," ಎಂದು ಹೊರಟವಳು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಪಕ್ಕದ ಮೇಜಿನಲ್ಲೇ ಇಸ್ತ್ರಿ ಹಾಕುತ್ತ ಮಾತೂ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

*

ಹೊರಗಿನ ಕೋಣೆಯಲ್ಲಿ ಮೇಳ ಅಕ್ಕನ ಸುತ್ತ ನಿಂತಿತ್ತು. ತಲೆಯ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದರು.

"ಅಲ್ಲಿ ಯಾರು?" ಎಂದಳು ಬಟ್ಟೆ ಹಿಡಿದು ಬಂದ ತಂಗಿ.

"ನೀನೇ," ಎಂದರು ಮೇಳಕ್ಕೆ ಹಾಡು ಕಲಿಸುವ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಎಲ್ಲರ ಬಾಯಲ್ಲಿ ಮೇಷ್ಟ್ರು. "ಎರಡು ವರ್ಷದಿಂದ ಖಾಲಿ ಇದೆ. ನಿಮ್ಮಕ್ಕ ಉಸಿರು ತಗೊಳ್ಳುವಾಗೆಲ್ಲ ಸ್ವರ ತುಂಡಾಗ್ತಿತ್ತು. ಬೇರೆಯವರನ್ನ ನಿಲ್ಲಿಸ್ತೀನಿ ಅಂದ್ರೆ ಒಪ್ಪಲಿಲ್ಲ. 'ಅದು ನಮ್ಮ ತಂಗಿ ಜಾಗ, ಬರ್ತಾಳೆ ಬಿಡಿ' ಅಂತಿದ್ಳು."

ತಂಗಿ ಬಟ್ಟೆ ಹೊದಿಸಿ ಆ ಜಾಗದಲ್ಲಿ ಮಂಡಿಯೂರಿದಳು. ಹಾಡು ಶುರುವಾಯಿತು. ತಗ್ಗು ಸ್ವರವನ್ನು ಒಬ್ಬಳೇ ಹಿಡಿದಳು. ಅಕ್ಕ ಉಸಿರೆಳೆಯುವ ಕಡೆ ಬಂತು, ಬಿಡಲಿಲ್ಲ. ತನ್ನದೂ ಬಂತು, ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಉಸಿರು ಸೋತಾಗ ಕೈ ತಾನಾಗಿ ಬಟ್ಟೆಯಡಿ ಹೋಗಿ ಅಕ್ಕನ ಮಣಿಕಟ್ಟು ಒತ್ತಿತು.

ಸ್ವರ ತುಂಡಾಯಿತು.

ಮೇಷ್ಟ್ರು ರಾಗ ಬಿಟ್ಟು ತಗ್ಗು ಸ್ವರಕ್ಕಿಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಇಡೀ ಮೇಳ, ಹಾಡೇ ಬಾರದ ಭಾವನೂ, ಆ ಒಂದೇ ಸ್ವರಕ್ಕೆ ಬಂದರು. ತಂಗಿ ಮಾತ್ರ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು. ತಣ್ಣನೆಯ ಮಣಿಕಟ್ಟನ್ನು ಒತ್ತಿದಳು, ಮತ್ತೆ ಒತ್ತಿದಳು.