ಕಿಟಕಿ ಜಾಗಕ್ಕೆ ಪೋಕರ್

ಭಾವ ತಾವಾಗಿಯೇ ಬಂದು "ಪೋಕರ್ ಕಲಿಸ್ತೀನಿ ಬಾ" ಅಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ಅಕ್ಕನನ್ನು ಮದುವೆಯಾದಾಗಿನಿಂದ ಈ ಮನುಷ್ಯ ಕೇಳದೆ ಒಂದು ಲೋಟ ನೀರು ಕೊಟ್ಟವರಲ್ಲ. ಈಗೇನು ದಿಢೀರನೆ ಧರ್ಮಾತ್ಮರಾದರೋ!

ನಾವಿಬ್ಬರೂ ಒಂದೇ ಹೊಲಿಗೆ ಅಂಗಡಿಯಲ್ಲಿದ್ದೆವು. ನಾನು ಕೋಟು ಹೊಲಿಯುವವಳು, ಅವರು ಇಸ್ತ್ರಿಯವರು. ಕಿಟಕಿ ಪಕ್ಕ ಕೂರುತ್ತಿದ್ದ ಹಿರಿಯ ಟೈಲರ್ ಕೆಲಸ ಬಿಟ್ಟಿದ್ದರು. ಆ ಜಾಗ ಖಾಲಿಯಾದಾಗೆಲ್ಲ ಜಗಳ ಬೇಡವೆಂದು ಇಸ್ಪೀಟಿನ ಪೋಕರ್ ಪಂದ್ಯ ಇಡುವುದು ನಮ್ಮ ಯಜಮಾನಿಯ ಕ್ರಮ. ದುಡ್ಡಿನ ಮಾತಿಲ್ಲ, ಪಣಕ್ಕೆ ಅಂಗಿ ಗುಂಡಿಗಳು. ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಗುಂಡಿ ಮುಗಿದವರು ಏಳಬೇಕು, ಕೊನೆಗೆ ಉಳಿದವರಿಗೆ ಜಾಗ. ಗೆದ್ದವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ.

ನನಗೆ ಆ ಜಾಗ ಬೇಕೇ ಬೇಕಿತ್ತು. ಕಣ್ಣು ಕೈಕೊಡುತ್ತಿತ್ತು. ಕನ್ನಡಕ ಬದಲಿಸಿದರೂ ಅಷ್ಟೇ, ಟ್ಯೂಬ್‌ಲೈಟಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುತ್ತಲೇ ಇರಲಿಲ್ಲ. ಸೂಜಿಗೆ ದಾರ ಪೋಣಿಸಲು ಏನೋ ನೆಪ ಹೇಳಿ ಹೊರಗೆ ಬಿಸಿಲಿಗೆ ಹೋಗುತ್ತಿದ್ದೆ. ಯಜಮಾನಿಗೆ ಗೊತ್ತಾದರೆ ಮನೆಗೆ ಕಳಿಸುವುದೇ ಸೈ. ಹೆದರಿಕೆಯಿಂದ ಅಕ್ಕನಿಗೂ ಹೇಳಿರಲಿಲ್ಲ.

ಕಲಿಸಿದರೆ ಭಾವನಿಗೇನು ಲಾಭ? ಅವರ ಇಸ್ತ್ರಿ ಮೇಜು ಗಾಳಿ ಸುಳಿಯದ ಮೂಲೆಯಲ್ಲಿತ್ತು. ಕಿಟಕಿ ಸಿಕ್ಕರೆ ಅವರಿಗೂ ಸ್ವರ್ಗವೇ. ಪಂದ್ಯಕ್ಕೆ ಹೆಸರನ್ನೂ ಕೊಟ್ಟಿದ್ದರು. ಸಾಲದ್ದಕ್ಕೆ ಈಚೆಗೆ ನನ್ನ ಕಪ್ಪು ಕೋಟುಗಳನ್ನು ಮಾತ್ರ ಬಹಳ ಹೊತ್ತು ಇಟ್ಟುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ತಪ್ಪು ಹುಡುಕಿ ಚಾಡಿ ಹೇಳುವುದಕ್ಕೇ ಇರಬೇಕು.

ಆದರೂ ಕಲಿಯಲು ಕೂತೆ. ಬೇರೆ ಯಾರು ಕಲಿಸುತ್ತಾರೆ? ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜೇ ಪಾಠಶಾಲೆ.

"ಕೈಗೆ ಎರಡೆಲೆ ಬರುತ್ತೆ. ಮಧ್ಯೆ ಹಾಕೋ ಐದೆಲೆ ಎಲ್ಲರಿಗೂ ಸೇರಿದ್ದು. ಎಲ್ಲಾ ನೋಡಿ ಒಳ್ಳೇ ಐದು ಆರಿಸ್ಕೋಬೇಕು, ಅಷ್ಟೇ," ಅಂದರು. ಮೊದಲ ಸಲವೇ ನನಗೆ ಎರಡು ಮತ್ತು ಏಳು ಬಂತು. ಗುಂಡಿ ಮುಂದಿಟ್ಟೆ.

"ಅಯ್ಯೋ! ಇದಕ್ಕಿಂತ ಕೆಟ್ಟ ಕೈ ಇಲ್ಲ ಕಣಮ್ಮ. ಪ್ಯಾಕ್ ಮಾಡು, ಬಿಸಾಕು."

"ಮುಂದೆ ಏನಾದ್ರೂ ಕೂಡಿ ಬಂದ್ರೆ?"

"ಇದು ಟೈಲರ್ ಬುದ್ಧಿ! ತುಂಡು ಬಟ್ಟೆ ಎತ್ತಿಡೋ ಹಾಗೆ ಎಲೆ ಎತ್ತಿಡ್ತೀಯಲ್ಲ!"

ಅದೇನೋ ನಿಜ. ಜೇಬಿಗೋ ಕಾಲರಿನ ಅಡಿಗೋ ಆಗುತ್ತದೆ ಎಂದು ನಾವು ಒಂದು ತುಂಡನ್ನೂ ಕಸಕ್ಕೆ ಹಾಕುವುದಿಲ್ಲ. ಭಾವ ದಿನವೂ ಕೂರಿಸಿ ನನಗೆ ಬಿಸಾಡುವುದನ್ನೇ ಕಲಿಸಿದರು. ನಾನು ಬಿಸಾಡುತ್ತ ಕೂತರೆ ಗುಂಡಿಯೆಲ್ಲ ಯಾರ ಕಡೆ ಹೋಗುತ್ತದೆ ಎಂದು ನಾನೂ ಲೆಕ್ಕ ಹಾಕಿದೆ.

ಪಂದ್ಯದ ಹಿಂದಿನ ದಿನ ರಾಗವೇ ಬದಲಾಯಿತು. "ಎಲೆ ನೋಡೋಕ್ಕೆ ಮೊದಲೇ ಕಡ್ಡಾಯವಾಗಿ ಇಡೋ ಗುಂಡಿಗೆ ಬ್ಲೈಂಡ್ ಅಂತಾರೆ. ಹೊತ್ತು ಹೋದ ಹಾಗೆ ಅದು ಏರುತ್ತೆ. ನಿನ್ನ ಗುಂಡಿ ಕಮ್ಮಿ ಆದಾಗ ಕಾಯ್ತಾ ಕೂತ್ರೆ ಅದೇ ತಿಂದು ಹಾಕುತ್ತೆ. ಸುಮಾರಾದ ಕೈ ಬಂದ್ರೂ ಸಾಕು, ಇರೋದೆಲ್ಲಾ ತಳ್ಳಿಬಿಡು."

ನಿನ್ನೆ ತನಕ ಬಿಸಾಕು, ಇವತ್ತು ಎಲ್ಲಾ ತಳ್ಳು! ತಳ್ಳಿ ನಾನು ಎದ್ದು ಹೋದರೆ ಕಿಟಕಿ ಯಾರಿಗೆ? "ಹೂಂ" ಅಂದೆ. ನಂಬಲಿಲ್ಲ.

ರಜೆಯ ದಿನ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತೆವು. ಭಾವ ಅಳೆದು ಸುರಿದು ಆಡುತ್ತ, ಬಾಯಿಬಡುಕ ಪ್ಯಾಂಟ್ ಟೈಲರನ್ನೂ ಕಾಜಾ ಹಾಕುವವಳನ್ನೂ ಎಬ್ಬಿಸಿದರು. ಕೊನೆಗೆ ಉಳಿದವರು ನಾವಿಬ್ಬರೇ. ಹೇಳಲಿಲ್ಲವೇ ನಾನು!

ಆಮೇಲೆ ಅವರಿಗೇನಾಯಿತೋ, ಎಲೆ ಹಂಚಿದ ಕೂಡಲೇ ತಮ್ಮ ರಾಶಿಯನ್ನೆಲ್ಲ ಮುಂದೆ ತಳ್ಳಿದರು. "ಎಲ್ಲಾ." ಅಷ್ಟು ಹುಷಾರಿನ ಮನುಷ್ಯ ಹೀಗೆ ಮಾಡಿದರೆ ದೊಡ್ಡ ಕೈಯೇ. ಪ್ಯಾಕ್ ಮಾಡಿದೆ. ಮತ್ತೆ "ಎಲ್ಲಾ." ಮತ್ತೆ ಪ್ಯಾಕ್. ಒಂದು ಸಲ ನನಗೆ ಎಕ್ಕ, ರಾಜ ಬಂತು. ಇಷ್ಟು ಒಳ್ಳೇ ಕೈ, ತಳ್ಳೋಣವೆಂದು ಗುಂಡಿಗೆ ಕೈ ಹಾಕಿದೆ. ತಲೆ ಎತ್ತಿದರೆ ಭಾವ ಬೆವರುತ್ತ ನನ್ನನ್ನೇ ನೋಡುತ್ತಿದ್ದರು.

"ಬಾಮ್ಮ, ಬಾ," ಅಂದರು ಮೆಲ್ಲಗೆ.

ಇಷ್ಟು ಪ್ರೀತಿಯಿಂದ ಕರೆಯಬೇಕಾದರೆ ಏನೋ ಮಸಲತ್ತಿದೆ. ಎಕ್ಕ, ರಾಜ ಎರಡನ್ನೂ ಬಿಸಾಕಿದೆ.

ಬ್ಲೈಂಡ್ ಏರುತ್ತಲೇ ಹೋಯಿತು, ನನ್ನ ರಾಶಿ ಕರಗುತ್ತಲೇ ಹೋಯಿತು. ಕೊನೆಯ ಗುಂಡಿಗಳು ಬ್ಲೈಂಡಿಗೇ ಹೋದ ಮೇಲೆ ಪ್ಯಾಕ್ ಮಾಡಿ ಉಳಿಸಿಕೊಳ್ಳಲು ಏನೂ ಇರಲಿಲ್ಲ. ನನ್ನದು ಹತ್ತು ಮತ್ತು ಗುಲಾಮ. ಭಾವ ತಮ್ಮದನ್ನು ತಿರುಗಿಸಿದರು: ಎರಡು, ಏಳು. ಮಧ್ಯದ ಐದೆಲೆಯಲ್ಲಿ ನನಗೆ ಒಂದೂ ಹೊಂದಲಿಲ್ಲ, ಅವರಿಗೆ ಇನ್ನೊಂದು ಎರಡು ಬಿದ್ದು ಜೋಡಿಯಾಯಿತು.

"ಥೂ!" ಎಂದರು, ಗೆದ್ದವರು.

ಮರುದಿನ ಇಸ್ತ್ರಿ ಮೇಜು ಕಿಟಕಿ ಪಕ್ಕಕ್ಕೆ ಬಂತು. ಹೊಟ್ಟೆಯುರಿಯಿಂದ ನಾನು ಹೊಲಿದ ಕಪ್ಪು ಕೋಟನ್ನು ಅದರ ಮೇಲೆ ಎಸೆದೆ. "ನೋಡ್ಕೊಳ್ಳಿ, ಈಗ ತಪ್ಪು ಹುಡುಕೋಕೆ ಬೆಳಕು ಚೆನ್ನಾಗಿದೆ."

ಭಾವ ಕೋಟಿನ ಒಳಭಾಗ ತಿರುವಿ, ಸೊಟ್ಟಗೆ ಹೋಗಿದ್ದ ನನ್ನ ಹೊಲಿಗೆಯನ್ನು ಬಿಚ್ಚಿ, ಕೈಯಲ್ಲೇ ಮತ್ತೆ ಹೊಲಿಯತೊಡಗಿದರು. ಪಕ್ಕದಲ್ಲಿ ಮಡಚಿಟ್ಟ ನಾನು ಹಿಂದೆ ಹೊಲಿದ ಕೋಟುಗಳನ್ನು ಎತ್ತಿ ಬೆಳಕಿಗೆ ಹಿಡಿದೆ. ಎಲ್ಲದರಲ್ಲೂ ಅದೇ ಒರಟು ಕೈಹೊಲಿಗೆ.

"ಎಷ್ಟು ದಿನದಿಂದ ಭಾವ?"

"ನಿನ್ನ ಕಣ್ಣು ಮಂಜಾದಾಗಿನಿಂದ."

"ಹಾಗಾದ್ರೆ ನಿನ್ನೆ ಬೇಕಂತಲೇ..."

"ಎಷ್ಟು ಸಲ ತಳ್ಳಿದೆ, ಒಳ್ಳೇ ಕೈ ಬಂದಾಗ ನೀನು ಎಲ್ಲಾ ಗೆದ್ಕೊಳ್ಳಲಿ ಅಂತ! ನನ್ನ ಎಲೆ ನಾನು ನೋಡ್ಕೊಂಡೂ ಇರ್ಲಿಲ್ಲ."

"ನಂಗೆ ಒಂದ್ಸಲ ಎಕ್ಕ, ರಾಜ ಬಂದಿತ್ತು."

ಭಾವ ಹಣೆ ಚಚ್ಚಿಕೊಂಡರು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ರೆ ನಂಬ್ತಿದ್ಯಾ?"

ನಾಚಿಕೆಯಿಂದ ಕುಗ್ಗಿಹೋದೆ. ನಂಬುತ್ತಿರಲಿಲ್ಲ. ಇವರೇನೋ ಹೊಂಚು ಹಾಕುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಬಿಗಿಯಾಗುತ್ತಿದ್ದೆ.

ಅತ್ತ ಯಜಮಾನಿ ಬಟ್ಟೆಗೆ ಗುರುತು ಹಾಕುತ್ತಿದ್ದರು. ನನ್ನ ಸ್ಟೂಲನ್ನು ಎಳೆದು ತಂದು ಇಸ್ತ್ರಿ ಮೇಜಿನ ಎದುರು ಕೂತೆ. ಸೂಜಿ ಮುಂದೆ ಚಾಚಿದೆ.

"ಭಾವ, ನಂಗೆ ಕಾಣ್ತಿಲ್ಲ. ದಾರ ಪೋಣಿಸಿ ಕೊಡಿ."

ಯಜಮಾನಿ ತಲೆ ಎತ್ತಿ ನೋಡಿದರು. ನಾನು ದನಿ ತಗ್ಗಿಸಿರಲಿಲ್ಲ.