ಅಪ್ಪನಿಗೆ ಹೇಳು, ಅಮ್ಮನಿಗೆ ಹೇಳು

ಹೊಲಿಗೆ ಯಂತ್ರ ರಿಪೇರಿಯವನು ಶಿಶುವಿಹಾರದ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕೂತು ಟೀಚರ್ ಮಾತು ಕೇಳುತ್ತಿದ್ದ. ಮಗಳು ಅಕ್ಷರದಲ್ಲೋ ಅಂಕಿಯಲ್ಲೋ ಹಿಂದೆ ಬಿದ್ದಿರಬೇಕು, ಮನೆಯಲ್ಲಿ ನಾಲ್ಕು ಸಲ ತಿದ್ದಿಸಿದರಾಯಿತು ಎಂದುಕೊಂಡೇ ಬಂದಿದ್ದ. ಅದೇನೂ ಅಲ್ಲವಂತೆ. ಈ ವಯಸ್ಸಿನಲ್ಲಿ ಮಕ್ಕಳು ಮುಖ್ಯವಾಗಿ ಕಲಿಯುವುದು ಬಾಯಿಬಿಟ್ಟು ಹೇಳುವುದನ್ನಂತೆ: ನೀರು ಬೇಕು, ಈಗ ನನ್ನ ಸರದಿ, ಅವನು ತಳ್ಳಿದ, ಹೀಗೆ. ಇವನ ಮಗಳು ಮಾತ್ರ ಯಾರಿಗೂ ನೇರವಾಗಿ ಏನೂ ಹೇಳುವುದಿಲ್ಲ. ಪಕ್ಕದ ಹುಡುಗಿಯ ಕಿವಿಯಲ್ಲಿ ಉಸುರುತ್ತಾಳೆ, ಆ ಹುಡುಗಿ ಎದ್ದು ಬಂದು ಟೀಚರಿಗೆ ಹೇಳಬೇಕು. ನಿನ್ನೆ ಆ ಹುಡುಗಿ ಬಂದಿರಲಿಲ್ಲ. ಇವಳು ಕೂತಲ್ಲೇ ಒದ್ದೆ ಮಾಡಿಕೊಂಡು, ಮನೆಗೆ ಬಿಡುವ ತನಕ ಹಾಗೇ ಕೂತಿದ್ದಳು. ಹೊರಡಲು ಎದ್ದು ನಿಂತಾಗಲೇ ಟೀಚರಿಗೆ ಗೊತ್ತಾದದ್ದು.

"ರಜೆ ಮುಗಿದ್ರೆ ಒಂದನೇ ಕ್ಲಾಸು. ಹೀಗೇ ಇದ್ರೆ ಅಲ್ಲಿಗೆ ಕಳಿಸೋಕಾಗಲ್ಲ," ಎಂದರು ಟೀಚರ್. "ನೀವಿಬ್ರೂ ಅವಳ ಮುಂದೆ ಮಾತಾಡಿ. ಅಡುಗೆ ಮಾಡ್ತಾ, ಬಟ್ಟೆ ಮಡಿಸ್ತಾ, ಏನಾದ್ರೂ ಸರಿ. ಮಕ್ಕಳು ಕಲಿಯೋದು ನಮ್ಮನ್ನ ನೋಡೇ."

ಅವನು ಗೋಣು ಆಡಿಸಿದ. ಮಗಳು ಇದನ್ನು ಯಾರನ್ನು ನೋಡಿ ಕಲಿತಳೆಂದು ಟೀಚರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.

ಅವಳಿನ್ನೂ ತೊದಲುತ್ತಿದ್ದ ಕಾಲದಲ್ಲಿ, ನೆಂಟರಿಷ್ಟರ ಎದುರು, ಹೆಂಡತಿಯನ್ನು ಕೊರಳಿಗೆ ಬಿದ್ದ ಕಲ್ಲು ಎಂದುಬಿಟ್ಟಿದ್ದ. ನಾಲ್ಕು ಜನ ನಕ್ಕರು. ಅವತ್ತಿನಿಂದ ಹೆಂಡತಿ ಅವನೊಡನೆ ಮಾತು ಬಿಟ್ಟಳು. ದಿನವಿಡೀ ಕಂಡವರ ಯಂತ್ರಗಳ ತಪ್ಪು ಹುಡುಕುವ ಈ ಮಹಾಶಯನಿಗೆ ತನ್ನ ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮಗಳಿಗೆ ಮಾತು ಬಂತು, ಇಬ್ಬರಿಗೂ ಅನುಕೂಲವಾಯಿತು. ಊಟ ಆಗಿದೆ ಅಂತ ಅಪ್ಪನಿಗೆ ಹೇಳು. ಬೀಗದ ಕೈ ಎಲ್ಲಿ ಅಂತ ಅಮ್ಮನನ್ನು ಕೇಳು. ಇಡೀ ಸಂಸಾರ ಆ ಪುಟ್ಟ ಬಾಯಿಯ ಮೇಲೆ ನಡೆಯಿತು. ಚಟಪಟ ಓಡಾಡುವ ಮೊಮ್ಮಗಳಿಗೆ ಅಜ್ಜಿ ಚಿನಕುರುಳಿ ಎಂದು ಅಡ್ಡಹೆಸರನ್ನೂ ಇಟ್ಟಳು.

ದಾರಿಯುದ್ದಕ್ಕೂ ಅವನಿಗೆ ಒಂದೇ ಫಜೀತಿ. ಟೀಚರ್ ಹೇಳಿದ್ದನ್ನು ಹೆಂಡತಿಗೆ ತಿಳಿಸಬೇಕು, ಇದೊಂದನ್ನು ಮಾತ್ರ ಮಗಳ ಕೈಲಿ ಹೇಳಿಕಳಿಸುವ ಹಾಗಿಲ್ಲ.

ಬೇಕರಿಯ ಕೆಲಸ ಮುಗಿಸಿ ಬಂದ ಹೆಂಡತಿ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, "ನಿನ್ನ ಹತ್ರ ಮಾತಾಡ್ಬೇಕು," ಎಂದ.

ಚಿನಕುರುಳಿ ಆಟ ಬಿಟ್ಟು ಓಡಿದಳು. "ಅಮ್ಮಾ, ಅಪ್ಪ ನಿನ್ನ ಹತ್ರ ಮಾತಾಡ್ಬೇಕಂತೆ."

ನೀನು ಹೇಳುವುದು ಬೇಡ ಮರಿ, ನಾನೇ ಹೇಳುತ್ತೇನೆ ಎಂದು ಅವನು ಎಲ್ಲವನ್ನೂ ಹೇಳಿದ. ಮಗು ಒದ್ದೆಯಲ್ಲೇ ಕೂತಿದ್ದ ಸಂಗತಿ ಬಂದಾಗ ಹೆಂಡತಿಯ ಕೈ ನಿಂತಿತು. ಕೊನೆಗೆ ಅಷ್ಟು ಕಾಲದ ಮಾತನ್ನೂ ಹೇಗೋ ಹೊರಗೆ ಹಾಕಿದ: ಅವತ್ತು ಅಂದದ್ದು ತಪ್ಪಾಯಿತು.

ಅವಳು ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. "ಈಗ್ಲೂ ಅವಳಿಗೋಸ್ಕರ ಹೇಳ್ತಿದೀರ. ನನಗೋಸ್ಕರ ಅಲ್ಲ."

ಇಬ್ಬರ ನಡುವೆ ನಿಂತಿದ್ದ ಮಗು ಅವರ ಮುಖ, ಇವರ ಮುಖ ನೋಡಿ ಬಿಕ್ಕಲು ಶುರುಮಾಡಿತು. "ಹಾಗಾದ್ರೆ ನಾನೇನು ಹೇಳ್ಲಿ?"

ಆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಅವಳ ಕಡೆ ತಿರುಗುತ್ತಿದ್ದದ್ದು ಅವಳು ಸುದ್ದಿ ಹೊತ್ತು ನಿಂತಾಗ ಮಾತ್ರ. ಅದನ್ನೂ ಅವನು ಈಗ ಕಿತ್ತುಕೊಂಡಿದ್ದ.

ಹೆಂಡತಿ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು, ಕಣ್ಣೊರೆಸಿದಳು. ಆಮೇಲೆ ಅದರ ಕಿವಿಯಲ್ಲಿ ಏನೋ ಹೇಳಿದಳು.

ಚಿನಕುರುಳಿ ಅಂಗೈಯಿಂದ ಮೂಗೊರೆಸಿಕೊಂಡು, ಕೋಣೆ ದಾಟಿ ಬಂದು ಅವನೆದುರು ನೆಟ್ಟಗೆ ನಿಂತಳು.

"ಅಪ್ಪಾ, ನಾನೂ ಅಮ್ಮನೂ ಇನ್ಮೇಲೆ ದೊಡ್ಡಮ್ಮನ ಮನೇಲೇ ಇರ್ತೀವಂತೆ. ನೀನು ಕರೆಯೋಕೆ ಬರೋದು ಬೇಡ್ವಂತೆ."

ಒಂದು ಅಕ್ಷರವೂ ತಡವರಿಸಲಿಲ್ಲ. ಟೀಚರ್ ಕೇಳಿದ್ದರೆ ಸಂತೋಷಪಡುತ್ತಿದ್ದರು. ಹೇಳಿ ಮುಗಿಸಿದವಳು ಹೋಗಲಿಲ್ಲ. ಅಮ್ಮನಿಗೆ ಏನು ಹೇಳಬೇಕೆಂದು ಕೇಳುತ್ತ, ಅವನ ಬಾಯನ್ನೇ ನೋಡುತ್ತ ಅಲ್ಲೇ ನಿಂತಳು.